ದಂಡು ಹೊರಡುವ ಮುನ್ನ: ಪುಣೆ ದರ್ಬಾರಿನ ಯುದ್ಧಸಿದ್ಧತೆ

ಮೈಸೂರಿನ ಟಿಪ್ಪು ಸುಲ್ತಾನನ ವಶದಲ್ಲಿದ್ದ ಧಾರವಾಡದ ಕೋಟೆಗೆ ಮರಾಠರು ಮುತ್ತಿಗೆ ಹಾಕಿದ್ದು 1790ರ ಸೆಪ್ಟೆಂಬರಿನಲ್ಲಿ. ಆದರೆ ಆ ಯುದ್ಧ ತಿಂಗಳುಗಳ ಮೊದಲೇ ಪುಣೆಯಲ್ಲಿ ಕಾಗದದ ಮೇಲೆ ಶುರುವಾಗಿತ್ತು. ಪೇಶ್ವೆ ಸವಾಯಿ ಮಾಧವರಾಯ ಇನ್ನೂ ಎಳೆಯ. ಸೂತ್ರವೆಲ್ಲ ಮಂತ್ರಿ ನಾನಾ ಫಡ್ನವೀಸನ ಕೈಯಲ್ಲಿ. ಟಿಪ್ಪುವಿನ ಮೇಲೆ ಯುದ್ಧಕ್ಕೆ ಅವನು ಮಾಡಿಕೊಂಡ ಸಿದ್ಧತೆಯಲ್ಲಿ ಮೂರು ಹಂತಗಳಿದ್ದವು.

ಮೊದಲು ಸುದ್ದಿ

ಪರರಾಜ್ಯದ ದರ್ಬಾರಿನಲ್ಲಿ ಕಾಯಂ ಬಿಡಾರ ಹೂಡಿದ ರಾಯಭಾರಿಗೆ ವಕೀಲ ಎನ್ನುತ್ತಿದ್ದರು. ಹೈದರಾಬಾದಿನಲ್ಲಿ ಪುಣೆಯ ವಕೀಲ ಗೋವಿಂದರಾವ್ ಕಾಳೆ. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಚಾರ್ಲ್ಸ್ ಮ್ಯಾಲೆಟ್ 1786ರಿಂದ ಪುಣೆಯಲ್ಲಿದ್ದ. ಅವನ ರೆಸಿಡೆನ್ಸಿ ಮುಳಾ–ಮುಠಾ ಸಂಗಮದ ಬಳಿ. ಯಾವ ಸರದಾರ ಮುನಿಸಿಕೊಂಡಿದ್ದಾನೆ, ಯಾರ ಬೊಕ್ಕಸ ಬರಿದಾಗಿದೆ, ದಂಡು ಎತ್ತ ಹೊರಟಿದೆ ಎಂಬುದನ್ನೆಲ್ಲ ಬರೆದು ಹರಿಕಾರರ ಕೈಯಲ್ಲಿ ಕಳಿಸುವುದು ಎಲ್ಲ ಕಡೆಯೂ ವಕೀಲರ ನಿತ್ಯದ ಕೆಲಸ.

ಆಮೇಲೆ ಕರಾರು

1789ರ ಡಿಸೆಂಬರ್ 29ರಂದು ಟಿಪ್ಪು ತಿರುವಾಂಕೂರಿನ ಗಡಿಗೋಡೆಯ ಮೇಲೆ ಏರಿಹೋದ. ತಿರುವಾಂಕೂರು ಕಂಪನಿಯ ಮಿತ್ರರಾಜ್ಯವಾದ್ದರಿಂದ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಯುದ್ಧಕ್ಕೆ ಜೊತೆಗಾರರನ್ನು ಹುಡುಕತೊಡಗಿದ. ಪುಣೆಗೂ ಹಳೆಯ ಲೆಕ್ಕ ಬಾಕಿಯಿತ್ತು. 1785ರಲ್ಲಿ ಪುಣೆಯ ಬೆಂಬಲವಿದ್ದ ನರಗುಂದದ ಒಡೆಯ ವೆಂಕಟರಾವ್ ಭಾವೆ ಟಿಪ್ಪುವಿನ ಸೆರೆಯಾಗಿದ್ದ. ಅದರ ಬೆನ್ನಿಗೇ ನಡೆದ ಯುದ್ಧ 1787ರಲ್ಲಿ ಗಜೇಂದ್ರಗಡದ ಒಪ್ಪಂದದೊಂದಿಗೆ ನಿಂತಿತ್ತು. 48 ಲಕ್ಷ ರೂಪಾಯಿ ಕೊಡಲು ಟಿಪ್ಪು ಒಪ್ಪಿದ್ದ.

1790ರ ಜೂನ್ 1ರಂದು ಪುಣೆಯಲ್ಲಿ ಪೇಶ್ವೆಗೂ ಕಂಪನಿಗೂ ಕರಾರಾಯಿತು. ಜುಲೈನಲ್ಲಿ ಹೈದರಾಬಾದಿನ ನಿಜಾಮನೂ ಸೇರಿದ. ಕರಾರಿನ ಕಲಮುಗಳನ್ನು ಓದಿದರೆ, ಮೂವರಿಗೂ ಶತ್ರುವಿಗಿಂತ ಮಿತ್ರರ ಮೇಲೆಯೇ ಹೆಚ್ಚು ಗುಮಾನಿ ಇತ್ತೆಂದು ಗೊತ್ತಾಗುತ್ತದೆ. ಹೆಸರಿಗಷ್ಟೇ ಯುದ್ಧಕ್ಕೆ ಬಂದಾರು ಎಂದು ಪೇಶ್ವೆ, ನಿಜಾಮರು ತಲಾ 25,000ಕ್ಕೆ ಕಡಿಮೆಯಿಲ್ಲದ ದಂಡು ತರಬೇಕೆಂಬ ಷರತ್ತು. ನಡುವೆ ಒಬ್ಬನೇ ರಾಜಿಯಾದಾನು ಎಂದು, ಮೂವರೂ ಒಪ್ಪದೆ ಸಂಧಿಯಿಲ್ಲ ಎಂಬ ಕಲಮು. ಗೆದ್ದ ಮೇಲೆ ಜಗಳ ಬೇಡವೆಂದು ಗೆದ್ದ ನಾಡಿನ ಸಮಪಾಲು ಮೊದಲೇ ನಿಗದಿ.

ಕೊನೆಗೆ ದಂಡು

ಪೇಶ್ವೆಯ ಪೂರ್ತಿ ಸೈನ್ಯ ಪುಣೆಯಲ್ಲೇ ಇರುತ್ತಿರಲಿಲ್ಲ. ಸರದಾರರಿಗೆ ಸರಂಜಾಮಾಗಿ ಊರುಗಳನ್ನು ಬಿಟ್ಟುಕೊಟ್ಟು, ಅವುಗಳ ಹುಟ್ಟುವಳಿಯಲ್ಲಿ ಇಂತಿಷ್ಟು ಸವಾರರನ್ನು ಸಾಕಬೇಕೆಂದು ಗೊತ್ತುಮಾಡಲಾಗಿತ್ತು. ಸ್ವಂತ ಕುದುರೆ ತರುವವನು ಶಿಲೇದಾರ. ಸರ್ಕಾರದ ಕುದುರೆ ಏರುವವನು ಬಾರಗೀರ. ಕೈಗಡಕ್ಕೆ ಸಾಹುಕಾರರು, ದವಸಕ್ಕೆ ಎತ್ತಿನ ಹೇರುಗಳೊಂದಿಗೆ ದಂಡಿನ ಹಿಂದೆ ನಡೆಯುವ ಲಂಬಾಣಿಗಳು. ದಸರೆಯ ಸೀಮೋಲ್ಲಂಘನದ ನಂತರ ಹೊರಡುವುದು ರೂಢಿಯಾದರೂ, ಆ ವರ್ಷ ಕಾಯದೆ ಸರದಾರ ಪರಶುರಾಮ ಭಾವು ಪಟವರ್ಧನ ಮೊದಲೇ ಕೃಷ್ಣೆ ದಾಟಿದ.

ಸಿದ್ಧತೆಯ ಕೊರತೆ ಧಾರವಾಡದಲ್ಲಿ ಬಯಲಾಯಿತು. ಭಾವುವಿನ ಜೊತೆಗಿದ್ದ ಕಂಪನಿಯ ತುಕಡಿಯ ಎಡ್ವರ್ಡ್ ಮೂರ್ ಕಂಡದ್ದನ್ನು ಬರೆದಿಟ್ಟಿದ್ದಾನೆ: ತೋಪಿಗೆ ಮದ್ದು ತುಂಬಿ ಗೋಲಂದಾಜರು ಅರ್ಧ ಗಂಟೆ ಹರಟುತ್ತ ಹೊಗೆ ಸೇದುತ್ತ ಕೂರುವರು. ಆಮೇಲೆ ಹಾರಿಸುವರು, ಧೂಳೆದ್ದರೆ ಸಾಕು, ಮತ್ತೆ ಮದ್ದು ತುಂಬಿ ಹರಟೆಗೆ ಕೂರುವರು. ನಡುಮಧ್ಯಾಹ್ನ ಎರಡು ತಾಸು ಎರಡೂ ಕಡೆ ಹೆಚ್ಚುಕಡಿಮೆ ವಿರಾಮ. ವಿದೇಶಿಯ ಕಣ್ಣಿನ ತಾತ್ಸಾರವನ್ನು ಕಳೆದು ನೋಡಿದರೂ, ಕೋಟೆ ಬೀಳಲು ಆರು ತಿಂಗಳಿಗೂ ಮಿಕ್ಕಿ ಹಿಡಿಯಿತು. ಅದೇ ದಂಡಯಾತ್ರೆಯಲ್ಲಿ, 1791ರಲ್ಲಿ, ಮರಾಠರ ಕಡೆಯ ಸವಾರರು ಶೃಂಗೇರಿ ಮಠವನ್ನೇ ಲೂಟಿ ಮಾಡಿದರು. ಇಂಥ ಲೂಟಿಯನ್ನು ತಡೆಯುವ ಹಿಡಿತ ಈ ವ್ಯವಸ್ಥೆಗೆ ಇರಲಿಲ್ಲ.

1792ರ ಮಾರ್ಚಿನಲ್ಲಿ ಶ್ರೀರಂಗಪಟ್ಟಣದ ಸಂಧಿಯಾದಾಗ ಕರಾರು ಮಾತ್ರ ಅಕ್ಷರಶಃ ನಡೆಯಿತು. ಟಿಪ್ಪುವಿನ ಅರ್ಧ ರಾಜ್ಯ ಮೂರು ಪಾಲಾಯಿತು. ಪೇಶ್ವೆಯ ಗಡಿ ತುಂಗಭದ್ರೆಯವರೆಗೆ ಬಂತು. ಮೈಸೂರು ಪೂರ್ತಿ ಅಳಿಯುವುದು ಪುಣೆಗೆ ಬೇಕಿರಲಿಲ್ಲ. ಅಳಿದರೆ ಕಂಪನಿಗೆ ಎದುರು ನಿಲ್ಲುವವರು ಕಡಿಮೆಯಾಗುತ್ತಿದ್ದರು. ಆದರೆ ಸಮಪಾಲು ಪಡೆದ ಮಿತ್ರ ಮುಂದೆ ಎಷ್ಟು ಬೆಳೆಯಬಹುದು ಎಂಬುದಕ್ಕೆ ಯಾವ ಕಲಮೂ ಕಡಿವಾಣ ಹಾಕಲಾರದು. 1799ರಲ್ಲಿ ಟಿಪ್ಪು ಮಡಿದ. 1818ಕ್ಕೆ ಪೇಶ್ವಾಯಿಯೂ ಅದೇ ಕಂಪನಿಯ ಕೈಸೇರಿತು.