ಇಂಜಿನು ಪುಲ್ಲಿಯ ಕಿರುಚಾಟ: ಸ್ವಂತ ಕೈಯ ಕೆಲಸವೆಷ್ಟು, ಮಿಸ್ತ್ರಿಯ ಕೆಲಸವೆಷ್ಟು

ಬಂಡಿಯ ಗಾಲಿ ಕಿರುಗುಟ್ಟಿದರೆ ಅಚ್ಚಿಗೆ ಕೀಲೆಣ್ಣೆ ಹಾಕುವುದು ಹಿರಿಯರಿಂದ ಬಂದ ರೂಢಿ. ಇದೇ ರೂಢಿಯನ್ನನುಸರಿಸಿ, ಇಂಜಿನಿನ ಬೆಲ್ಟು ಕಿರುಚಿದಾಗಲೂ ಕೆಲವರು ಅದರ ಮೇಲೆ ಎಣ್ಣೆ ಸುರಿಯುವರು. ಶಬ್ದವು ಕ್ಷಣಕಾಲ ಅಡಗುವುದುಂಟು. ಆದರೆ ಎಣ್ಣೆ ತಗಲಿದ ರಬ್ಬರು ಉಬ್ಬಿ ಮೆದುವಾಗಿ, ಬೆಲ್ಟು ಮೊದಲಿಗಿಂತ ಹೆಚ್ಚಾಗಿ ಜಾರತೊಡಗುವುದು. ಅಚ್ಚಿನ ಮೇಲೆ ಗಾಲಿಯು ಜಾರಬೇಕು. ಪುಲ್ಲಿಯ ಮೇಲೆ ಬೆಲ್ಟು ಜಾರಬಾರದು. ಈ ಭೇದವನ್ನರಿತರೆ ಮುಂದಿನ ಮಾತುಗಳೆಲ್ಲವೂ ಸುಲಭವಾಗಿ ಮನದಟ್ಟಾಗುವುವು.

ಕೃಷ್ಣೆ ತುಂಗಭದ್ರೆಗಳ ನಡುವಣ ನಮ್ಮ ರಾಯಚೂರು ಸೀಮೆಯಲ್ಲಿ ಈ ವಿಷಯವು ಸಣ್ಣದಲ್ಲ. ದೇವದುರ್ಗ ತಾಲ್ಲೂಕಿನ ಉತ್ತರಕ್ಕೆ ಕೃಷ್ಣೆ, ಮಾನ್ವಿಯ ದಕ್ಷಿಣಕ್ಕೆ ತುಂಗಭದ್ರೆ. ಎರಡು ದಡಗಳಲ್ಲಿಯೂ ನೀರನ್ನೆತ್ತಿಯೇ ಹೊಲಕ್ಕೆ ಹಾಯಿಸುವವರಿದ್ದಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿರುವ ಮಾನ್ವಿ, ರಾಯಚೂರು ಕಡೆಯ ರೈತರಿಗೆ ನೀರು ತಡವಾಗಿಯೂ ಕಡಿಮೆಯಾಗಿಯೂ ಬರುವುದು ಹಳೆಯ ಸಂಕಟ. ಭತ್ತವು ಹೊಡೆ ತುಂಬುವ ದಿನಗಳಲ್ಲಿ ಸರದಿಯ ನೀರು ಕಾಲುವೆಗೆ ಬಂದು, ಆ ರಾತ್ರಿಯೇ ಇಂಜಿನು ನಿಂತರೆ, ಹೋದ ನೀರು ಮರಳಿ ಬರುವುದಿಲ್ಲ. ದೇವದುರ್ಗದಿಂದಾಗಲಿ ಮಾನ್ವಿಯಿಂದಾಗಲಿ ರಾಯಚೂರು ನಗರವು ಸರಿಸುಮಾರು 50 ಕಿಲೋಮೀಟರು ದೂರ. ಹಳ್ಳಿಯಿಂದ ಹೊರಟು, ಮಿಸ್ತ್ರಿಯನ್ನು ಹುಡುಕಿ, ಸಾಮಾನು ತಂದು ಜೋಡಿಸುವಷ್ಟರಲ್ಲಿ ಒಂದೆರಡು ದಿನ ಕಳೆಯುವುದು ಅಪರೂಪವಲ್ಲ. ಆದುದರಿಂದ ಯಾವ ಕೆಲಸವನ್ನು ತಾವೇ ಮಾಡಿಕೊಳ್ಳಬಹುದು, ಯಾವುದಕ್ಕೆ ಹಣ ಕೊಟ್ಟು ಮಿಸ್ತ್ರಿಯನ್ನು ಕರೆಯಲೇಬೇಕು ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡಿರುವುದು ವಿವೇಕ.

ಇಂಜಿನಿಗೆ ನೇರವಾಗಿ ಜೋಡಿಸಿದ ಪಂಪಿನಲ್ಲಿ ಬೆಲ್ಟೇ ಇರುವುದಿಲ್ಲ. ಬೆಲ್ಟಿನಿಂದ ನಡೆಯುವ ಪಂಪು, ಹಿಟ್ಟಿನ ಗಿರಣಿ, ರಾಶಿಯಂತ್ರ, ಟ್ರ್ಯಾಕ್ಟರಿನ ಫ್ಯಾನು ಇವುಗಳನ್ನು ಕುರಿತು ಇಲ್ಲಿ ಹೇಳಲಾಗಿದೆ.

ಕಿರುಚುವುದು ಯಾವುದು?

ಶಬ್ದ ಕೇಳಿದೊಡನೆ ಪುಲ್ಲಿಯನ್ನು ಬದಲಿಸುವುದು ಹಣವನ್ನು ವ್ಯರ್ಥ ಮಾಡಿದಂತೆ. ಮೊದಲು ದೋಷದ ಮೂಲವನ್ನು ಕಂಡುಹಿಡಿಯತಕ್ಕದ್ದು. ಇಂಜಿನು ನಡೆಯುತ್ತಿರುವಾಗ ಮಾರು ದೂರದಲ್ಲಿ ನಿಂತು, ಪಿಚಕಾರಿಯಿಂದ ಬೆಲ್ಟಿನ ಒಳಮೈಗೆ ಸ್ವಲ್ಪ ನೀರು ಚಿಮುಕಿಸಿರಿ. ಶಬ್ದ ಹೆಚ್ಚಾದರೆ ಬೆಲ್ಟು ಸಡಿಲವಾಗಿ ಜಾರುತ್ತಿದೆಯೆಂದು ತಿಳಿಯಬೇಕು. ಶಬ್ದವು ತುಸು ಹೊತ್ತು ಅಡಗಿ ಪುನಃ ಬಂದರೆ ಎರಡು ಪುಲ್ಲಿಗಳು ಒಂದೇ ನೇರದಲ್ಲಿಲ್ಲವೆಂದು ತಿಳಿಯಬೇಕು. ಅನಂತರ ಇಂಜಿನು ನಿಲ್ಲಿಸಿ, ಬೆಲ್ಟು ತೆಗೆದು, ಪಂಪಿನ ಪುಲ್ಲಿಯನ್ನು ಕೈಯಿಂದ ತಿರುಗಿಸಿ ನೋಡಿರಿ. ಗರಗರ ಶಬ್ದವಾದರೆ, ಇಲ್ಲವೆ ಪುಲ್ಲಿಯು ಮೇಲಕ್ಕೂ ಕೆಳಕ್ಕೂ ಅಲುಗಾಡಿದರೆ, ದೋಷವು ಬೇರಿಂಗಿನದು.

ಪುಲ್ಲಿಯ ಸವೆತವನ್ನು ಕಣ್ಣಿನಿಂದಲೇ ಗುರುತಿಸಬಹುದು. ವಿ ಆಕಾರದ ಬೆಲ್ಟು ತನ್ನ ಎರಡು ಪಕ್ಕಗಳಿಂದ ಪುಲ್ಲಿಯನ್ನು ಹಿಡಿಯುವುದೇ ಹೊರತು ತಳದಿಂದಲ್ಲ. ಪುಲ್ಲಿಯ ಕಾವಲಿಯ ತಳವು ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟು ತಳಕ್ಕೆ ತಾಗುತ್ತಿದೆಯೆಂದರ್ಥ. ಕಾವಲಿಯ ಗೋಡೆಗಳು ಬಟ್ಟಲಿನಂತೆ ತಗ್ಗು ಬಿದ್ದಿದ್ದರೂ ಆ ಪುಲ್ಲಿಯ ಆಯುಷ್ಯ ಮುಗಿಯಿತು. ಅದಕ್ಕೆ ಎಷ್ಟು ಹೊಸ ಬೆಲ್ಟು ಹಾಕಿದರೂ ಅವು ಬೇಗನೆ ಹಾಳಾಗುವುವು.

ತಾವೇ ಮಾಡಬಹುದಾದ ಕೆಲಸ

ಬೆಲ್ಟಿನ ಬಿಗಿತವನ್ನು ಸರಿಪಡಿಸುವುದು, ಬೆಲ್ಟು ಬದಲಿಸುವುದು, ನೇರ ನೋಡುವುದು, ಪಂಪಿನ ಕಡೆಯ ಪುಲ್ಲಿಯನ್ನು ಕಳಚಿ ಹೊಸದನ್ನು ಹಾಕುವುದು, ಈ ನಾಲ್ಕು ಕೆಲಸಗಳನ್ನು ಪಾನಾ ಹಿಡಿಯಬಲ್ಲ ಯಾವ ರೈತನಾದರೂ ಕಲಿಯಬಹುದು.

ಬಿಗಿತಕ್ಕೆ ಅಳತೆಯುಂಟು. ಎರಡು ಪುಲ್ಲಿಗಳ ನಡುವೆ ಬೆಲ್ಟಿನ ಪ್ರತಿ 100 ಮಿಲಿಮೀಟರು ಉದ್ದಕ್ಕೆ ಸುಮಾರು 1.6 ಮಿಲಿಮೀಟರು ತಗ್ಗಬೇಕು. ಅಂದರೆ ನಡುವಣ ಬೆಲ್ಟು 600 ಮಿಲಿಮೀಟರು ಇದ್ದರೆ, ಮಧ್ಯದಲ್ಲಿ ಹೆಬ್ಬೆರಳಿನಿಂದ ಒತ್ತಿದಾಗ 10 ಮಿಲಿಮೀಟರಿನಷ್ಟು ಬಾಗಬೇಕು. ಅದಕ್ಕಿಂತ ಬಿಗಿ ಮಾಡಿದರೆ ಶಬ್ದ ನಿಲ್ಲಬಹುದು, ಆದರೆ ಬೇರಿಂಗು ಸುಡುವುದು. ನೇರ ನೋಡಲು ಗೌಂಡಿಯ ದಾರವೇ ಸಾಕು. ಅಂಚಿನ ದಪ್ಪ ಸಮನಾಗಿರುವ ಎರಡು ಪುಲ್ಲಿಗಳ ಮುಖಕ್ಕೆ ದಾರವನ್ನು ಬಿಗಿದು ಹಿಡಿದರೆ ಅದು ನಾಲ್ಕು ಅಂಚುಗಳಿಗೂ ತಾಗಬೇಕು. ಎರಡು ಮೂರು ಬೆಲ್ಟುಗಳು ಜೊತೆಯಾಗಿ ನಡೆಯುವಲ್ಲಿ ಒಂದನ್ನೇ ಬದಲಿಸಬಾರದು. ಹೊಸದರ ಮೇಲೆಯೇ ಎಲ್ಲ ಭಾರ ಬೀಳುವುದು. ಹೊಸ ಬೆಲ್ಟು ಒಂದು ದಿನ ನಡೆದ ಮೇಲೆ ಸ್ವಲ್ಪ ಹಿಗ್ಗುವುದರಿಂದ ಬಿಗಿತವನ್ನು ಮತ್ತೊಮ್ಮೆ ನೋಡಬೇಕು.

ಪುಲ್ಲಿಯನ್ನು ಕಳಚುವಾಗ ಅದರ ಅಂಚಿಗೆ ಸುತ್ತಿಗೆಯಿಂದ ಹೊಡೆಯಕೂಡದು. ಬೀಡುಕಬ್ಬಿಣವು ಬಿರಿಯುವುದಲ್ಲದೆ, ಆ ಪೆಟ್ಟು ಒಳಗಿನ ಬೇರಿಂಗಿಗೂ ತಗಲುವುದು. ಪುಲ್ಲರ್ ಎಂಬ ಕೊಕ್ಕೆಯ ಸಾಧನದಿಂದ ನಿಧಾನವಾಗಿ ಎಳೆಯತಕ್ಕದ್ದು. ಬೆಣೆಯನ್ನು ಜೋಪಾನವಾಗಿ ತೆಗೆದಿಡಬೇಕು.

ಅಂಗಡಿಯಲ್ಲಿ ಎಚ್ಚರಿಕೆ

ಹಳೆಯ ಪುಲ್ಲಿಯನ್ನು ಜೊತೆಗೆ ಒಯ್ಯದೆ ರಾಯಚೂರಿಗೆ ಹೊರಡಬೇಡಿರಿ. ಹೊರ ಅಳತೆ, ಕಾವಲಿಗಳ ಸಂಖ್ಯೆ, ಒಳರಂಧ್ರ, ಬೆಣೆಯ ಅಗಲ ಇವು ನಾಲ್ಕೂ ಹೊಂದಬೇಕು. “ಸ್ವಲ್ಪ ದೊಡ್ಡದಾದರೇನು?” ಎಂಬ ಮಾತನ್ನು ನಂಬಬಾರದು. ಉದಾಹರಣೆಗೆ, ನಿಮಿಷಕ್ಕೆ 650 ಸುತ್ತು ತಿರುಗುವ ಇಂಜಿನಿಗೆ 300 ಮಿಲಿಮೀಟರಿನ ಪುಲ್ಲಿಯೂ ಪಂಪಿಗೆ 130 ಮಿಲಿಮೀಟರಿನ ಪುಲ್ಲಿಯೂ ಇದ್ದರೆ ಪಂಪು 1500 ಸುತ್ತು ತಿರುಗುವುದು. ಪಂಪಿಗೆ 150 ಮಿಲಿಮೀಟರಿನದನ್ನು ಹಾಕಿದರೆ 1300 ಸುತ್ತಿಗೆ ಇಳಿಯುವುದು. ಆಗ ನೀರೇರುವ ಎತ್ತರವು ಮುಕ್ಕಾಲು ಪಾಲಾಗುವುದು. 20 ಮೀಟರು ಎತ್ತುತ್ತಿದ್ದುದು 15ಕ್ಕೆ ನಿಲ್ಲುವುದು. ದಡ ಎತ್ತರವಿದ್ದಲ್ಲಿ ಪಂಪು ನೀರನ್ನೇ ಬಿಡದಿರಬಹುದು. ಪುಲ್ಲಿ 115 ಮಿಲಿಮೀಟರಿನಷ್ಟು ಸಣ್ಣದಾದರೋ ಪಂಪು ಸುಮಾರು 1700 ಸುತ್ತು ತಿರುಗಿ, ಇಂಜಿನಿನ ಹೊರೆ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುವುದು.

ಮಿಸ್ತ್ರಿಯನ್ನು ಕರೆಯಬೇಕಾದ ಸಂದರ್ಭ

ಇಂಜಿನಿನ ಫ್ಲೈವೀಲಿಗೆ ಸೇರಿದ ಪುಲ್ಲಿ ಅಲುಗಿದರೆ, ಕ್ರ್ಯಾಂಕಿನ ದಂಡ ಆಡಿದರೆ, ಬೆಣೆಯ ಕಾಲುವೆ ಅಗಲವಾಗಿದ್ದರೆ, ದಂಡವೇ ಸವೆದಿದ್ದರೆ, ಬೇರಿಂಗನ್ನು ಒತ್ತಿ ಕೂರಿಸಬೇಕಾದರೆ, ಆಗ ಸ್ವಂತ ಸಾಹಸ ತರವಲ್ಲ. ಅಲ್ಲಿ ಉಳಿಸಿದ ನಾಲ್ಕು ಕಾಸು ಮುಂದೆ ಇಂಜಿನನ್ನೇ ಬಲಿ ತೆಗೆದುಕೊಳ್ಳುವುದು. ಟ್ರ್ಯಾಕ್ಟರಿನ ಫ್ಯಾನ್ ಬೆಲ್ಟು ನೀರಿನ ಪಂಪನ್ನೂ ತಿರುಗಿಸುವುದಾದ್ದರಿಂದ, ಬೆಲ್ಟು ಬಿಗಿದ ಮೇಲೂ ಕಿರುಚಾಟ ನಿಲ್ಲದಿದ್ದರೆ ಇಂಜಿನು ಕಾಯುವ ಮೊದಲೇ ಬಲ್ಲವರಿಗೆ ತೋರಿಸಬೇಕು. ಮಿಸ್ತ್ರಿಗೆ ಕೊಡುವ ಕೂಲಿಯು ನಟ್ಟು ಬಿಗಿದುದಕ್ಕಲ್ಲ, ಅವನ ಅನುಭವಕ್ಕೆ. ಕೆಲಸವನ್ನು ಕಣ್ಣೆದುರಿಗೆ ಮಾಡಿಸಿ, ತೆಗೆದ ಹಳೆಯ ಭಾಗವನ್ನು ಕೇಳಿ ಪಡೆದುಕೊಳ್ಳಿರಿ. ಸವೆತವು ಎಲ್ಲಿತ್ತೆಂಬುದನ್ನು ಅದೇ ಕಲಿಸುವುದು.

ಪ್ರಾಣಕ್ಕಿಂತ ನೀರು ದೊಡ್ಡದಲ್ಲ

ನಡೆಯುತ್ತಿರುವ ಬೆಲ್ಟಿಗೆ ಕೈಯಾಗಲಿ ಕೋಲಾಗಲಿ ತಾಗಿಸಕೂಡದು. ಧೋತರದ ಚುಂಗು, ಹೆಗಲ ವಲ್ಲಿ, ಸೀರೆಯ ಸೆರಗು ಇವು ಸಿಕ್ಕಿದರೆ ಬಿಡಿಸಿಕೊಳ್ಳಲು ಕ್ಷಣದ ಅವಕಾಶವೂ ಇರದು. ಕೆಲಸಕ್ಕೆ ಮುಂಚೆ ಇಂಜಿನು ನಿಲ್ಲಿಸಿ, ಡೀಸೆಲಿನ ನಲ್ಲಿ ಮುಚ್ಚಿ, ಹ್ಯಾಂಡಲನ್ನು ತೆಗೆದು ಕೆಲಸ ಮಾಡುವವನೇ ತನ್ನ ಬಳಿ ಇಟ್ಟುಕೊಳ್ಳಬೇಕು. ವಿದ್ಯುತ್ ಮೋಟಾರಾದರೆ ಫ್ಯೂಜು ತೆಗೆಯಬೇಕು. ಕೆಲಸ ಮುಗಿದ ಮೇಲೆ ಬೆಲ್ಟಿನ ಜಾಳಿಗೆಯನ್ನು ಮೊದಲಿನಂತೆ ಕೂರಿಸಿದ ಹೊರತು ಇಂಜಿನು ಚಾಲೂ ಮಾಡಬಾರದು.

ಗ್ರಾಮದ ಹಿರಿಯರಲ್ಲಿ ವಿಜ್ಞಾಪನೆ

ಪ್ರತಿಯೊಬ್ಬ ರೈತನೂ ಪುಲ್ಲರನ್ನು ಕೊಳ್ಳಬೇಕಾದುದಿಲ್ಲ. ಊರಿಗೊಂದು ಪುಲ್ಲರು, ಒಂದು ಜೊತೆ ಪಾನಾ, ಹೆಚ್ಚಾಗಿ ಬಳಕೆಯಲ್ಲಿರುವ ಅಳತೆಯ ಒಂದೆರಡು ಬೆಲ್ಟು ಇವನ್ನು ಸಹಕಾರ ಸಂಘದಲ್ಲಿಯೋ ನಂಬಿಕೆಯ ಮನೆಯಲ್ಲಿಯೋ ಇರಿಸಿದರೆ, ರಾತ್ರಿ ಹೊತ್ತು ನಿಂತ ಇಂಜಿನು ಬೆಳಗಾಗುವುದರೊಳಗೆ ನಡೆಯುವುದು. 2008ರಲ್ಲಿ ಸ್ಥಾಪಿತವಾದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವೂ ಅದರ ಕೃಷಿ ತಾಂತ್ರಿಕ ಮಹಾವಿದ್ಯಾಲಯವೂ ರಾಯಚೂರಿನಲ್ಲಿಯೇ ಇರುವುದರಿಂದ, ಸಂದೇಹವಿದ್ದವರು ಅಲ್ಲಿ ವಿಚಾರಿಸಬಹುದು. ಕಾಲುವೆಗೆ ನೀರು ಬಿಡುವ ಮೊದಲೇ ಒಂದು ದಿನವನ್ನು ಗೊತ್ತುಮಾಡಿ, ಊರಿನ ತರುಣರನ್ನು ಕೂಡಿಸಿ, ಒಂದು ಇಂಜಿನನ್ನು ಎದುರಿಗಿಟ್ಟುಕೊಂಡು ದಾರ ಹಿಡಿಯುವುದನ್ನೂ ಬೆಲ್ಟು ಬಿಗಿಯುವುದನ್ನೂ ತೋರಿಸಿಕೊಟ್ಟರೆ ಅದರ ಪ್ರಯೋಜನ ಇಡೀ ಗ್ರಾಮಕ್ಕೆ ದೊರೆಯುವುದು. ಬಂಡಿಯ ಅಚ್ಚಿಗೆ ಯಾವಾಗ ಎಣ್ಣೆ ಹಾಕಬೇಕೆಂಬುದನ್ನು ನಮ್ಮ ಮಕ್ಕಳಿಗೆ ಯಾರೂ ಹಣ ಪಡೆದು ಕಲಿಸಿದುದಿಲ್ಲ. ಬೆಲ್ಟಿನ ವಿದ್ಯೆಯೂ ಹಾಗೆಯೇ ಮನೆಯ ವಿದ್ಯೆಯಾಗಲಿ.