ಹೆಡ್‌ಲೈಟಿನೊಳಗೆ ಇಬ್ಬನಿ: ಕಾರಣ ಮತ್ತು ಪರಿಹಾರ

ಮಾರ್ಗಶಿರ ಮಾಸ ಹಿಡಿಯಿತೆಂದರೆ ಬೆಂಗಳೂರಿನ ಉತ್ತರ ಭಾಗದಲ್ಲಿ ಇಬ್ಬನಿಯ ಕಾಲ. ಇಬ್ಬನಿ ಬಿದ್ದಷ್ಟೂ ಅವರೆಗೆ ಸೊಗಡು ಕೂಡುತ್ತದೆಂಬುದು ಹಿರಿಯರ ಮಾತು. ಅದೇ ಇಬ್ಬನಿ ದ್ರಾಕ್ಷಿಯ ಎಲೆಯ ಮೇಲೆ ಬಹಳ ಹೊತ್ತು ನಿಂತರೆ ರೋಗಕ್ಕೆ ದಾರಿಯಾಗುತ್ತದೆ. ಇವೆರಡೂ ರೈತ ಬಾಂಧವರಿಗೆ ತಿಳಿದ ಸಂಗತಿಗಳೇ. ಆದರೆ ಈ ಇಬ್ಬನಿಯು ನಮ್ಮ ಕಾರು, ಟೆಂಪೊ, ಟ್ರ್ಯಾಕ್ಟರುಗಳ ಹೆಡ್‌ಲೈಟಿನೊಳಗೂ ಕೂಡುತ್ತದೆ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆಯಿಂದ ತರಕಾರಿ, ಹೂವು, ಹಣ್ಣು ಹೇರಿಕೊಂಡು ಕೋಳಿ ಕೂಗುವ ಮೊದಲೇ ಯಲಹಂಕ, ಹೆಬ್ಬಾಳ, ಯಶವಂತಪುರದತ್ತ ಹೊರಡುವವರಿಗೆ ಇದು ಪ್ರಾಣದ ಪ್ರಶ್ನೆ.

ಕೆಲವು ವರ್ಷಗಳ ಹಿಂದೆ ಡಿಸೆಂಬರಿನ ಒಂದು ದಿನ ರಾಗಿ ತಾಕಿನ ಕೊಯ್ಲಿಗೆಂದು ಬೆಳಗಿನ ಜಾವ ಹೆಬ್ಬಾಳದಿಂದ ದೊಡ್ಡಬಳ್ಳಾಪುರದ ಕಡೆಗೆ ನನ್ನ ಕಾರಿನಲ್ಲಿ ಹೊರಟಿದ್ದೆ. ಹಿಂದಿನ ವಾರ ಹೆಡ್‌ಲೈಟಿನೊಳಗೆ ಮಬ್ಬು ಕಾಣಿಸಿದ್ದರಿಂದ ಒಬ್ಬ ಮೆಕ್ಯಾನಿಕ್ಕನಿಗೆ ತೋರಿಸಿದ್ದೆ. ಆತ ದೀಪದ ಹಿಂಬದಿಯಲ್ಲಿದ್ದ ಸಣ್ಣ ತೂತುಗಳಿಗೆಲ್ಲ ಅಂಟು ಬಳಿದು, "ಇನ್ನು ಒಂದು ಹನಿಯೂ ಒಳಗೆ ಹೋಗಲ್ಲ ಸಾರ್" ಎಂದಿದ್ದ. ರಾಜಾನುಕುಂಟೆ ದಾಟುವಾಗ ದಟ್ಟ ಮಂಜು ಕವಿಯಿತು. ನನ್ನ ದೀಪಗಳ ಬೆಳಕು ರಸ್ತೆಗೆ ಬೀಳದೆ ಎಲ್ಲ ಕಡೆಗೂ ಚೆದರುತ್ತಿತ್ತು. ಮುಂದೆ ರಾಗಿ ಹುಲ್ಲು ಹೇರಿದ, ಹಿಂದೀಪವಿಲ್ಲದ ಟ್ರೇಲರೊಂದು ನಿಂತಿದ್ದುದು ಕಂಡದ್ದು ಹತ್ತು ಮಾರು ದೂರಕ್ಕೆ ಬಂದಾಗ. ನಿಧಾನವಾಗಿ ಸಾಗುತ್ತಿದ್ದುದರಿಂದ ಕಾರು ಹೇಗೋ ನಿಂತಿತು. ಟ್ರೇಲರಿನ ಪಕ್ಕದಲ್ಲೇ ಒಬ್ಬ ಹುಡುಗ ಕುಳಿತು ಹಗ್ಗ ಬಿಗಿಯುತ್ತಿದ್ದ.

ಇಳಿದು ನೋಡಿದರೆ ದೀಪದ ಗಾಜಿನ ಒಳಮೈ ತುಂಬ ಹನಿಗಳು. ಇಬ್ಬನಿ ಹೇಗೆ ಬೀಳುತ್ತದೆಂದು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಪಾಠ ಹೇಳುವವನು ನಾನು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ನನಗೇ ಒಪ್ಪುವಂತಾಯಿತು.

ತೇವ ಕೂಡುವುದು ಹೇಗೆ?

ಗಾಳಿಯಲ್ಲಿ ಸದಾ ನೀರಿನ ಆವಿ ಇರುತ್ತದೆ. ಬೆಚ್ಚಗಿನ ಗಾಳಿ ಹೆಚ್ಚು ಆವಿಯನ್ನೂ, ತಣ್ಣನೆಯ ಗಾಳಿ ಕಡಿಮೆ ಆವಿಯನ್ನೂ ಹಿಡಿದಿಡಬಲ್ಲದು. ಉದಾಹರಣೆಗೆ, 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿಯು ಸುಮಾರು 26 ಗ್ರಾಂ ಆವಿಯನ್ನು ಹಿಡಿಯಬಲ್ಲದು. ಮಧ್ಯಾಹ್ನ ಅದರಲ್ಲಿ ಅರ್ಧದಷ್ಟು, ಅಂದರೆ 13 ಗ್ರಾಂ ಇದೆ ಎಂದುಕೊಳ್ಳಿ. ರಾತ್ರಿ ಗಾಳಿ 15 ಡಿಗ್ರಿಗೆ ತಣಿದಾಗ ಅದು ಹಿಡಿಯಬಲ್ಲದ್ದು ಸುಮಾರು 13 ಗ್ರಾಂ ಮಾತ್ರ. ಅದಕ್ಕಿಂತ ತಣ್ಣಗಾದರೆ ಹೆಚ್ಚಾದ ಆವಿ ನೀರಾಗಲೇಬೇಕು. ಈ ಉಷ್ಣತೆಗೆ ಇಬ್ಬನಿ ಬಿಂದು ಎಂದು ಹೆಸರು.

ಶುಭ್ರ ಆಕಾಶದ ರಾತ್ರಿಯಲ್ಲಿ ಎಲೆಯು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಬಯಲಿನಲ್ಲಿ ನಿಲ್ಲಿಸಿದ ವಾಹನದ ಹೆಡ್‌ಲೈಟಿನ ಗಾಜೂ ಹೀಗೆಯೇ ತಣಿಯುತ್ತದೆ. ಒಳಗಿನ ಗಾಳಿಯಲ್ಲಿರುವ ಆವಿ ಆ ತಣ್ಣನೆಯ ಮೈಗೆ ತಗುಲಿ ಹನಿಗಟ್ಟುತ್ತದೆ. ಗಾಡಿಯನ್ನು ಮರದಡಿ ಅಥವಾ ಚಪ್ಪರದಡಿ ನಿಲ್ಲಿಸಿದರೆ ಮಬ್ಬು ಕಡಿಮೆಯಾಗುವುದಕ್ಕೆ ಇದೇ ಕಾರಣ.

ಗಾಳಿಕಿಂಡಿ ಏಕೆ ಬೇಕು?

ಹೆಡ್‌ಲೈಟು ಪೂರ್ತಿ ಮುಚ್ಚಿದ ಡಬ್ಬಿಯಲ್ಲ. ಸಾಮಾನ್ಯ ಹ್ಯಾಲೊಜೆನ್ ಬಲ್ಬು 55ರಿಂದ 60 ವ್ಯಾಟಿನದು. ಅದರ ಶಕ್ತಿಯ ಹೆಚ್ಚಿನ ಪಾಲು ಶಾಖವಾಗುತ್ತದೆ. ದೀಪ ಹೊತ್ತಿದಾಗ ಒಳಗಿನ ಗಾಳಿ ಕಾದು ಹಿಗ್ಗಿ ಹೊರಗೆ ಹೋಗುತ್ತದೆ. ಆರಿಸಿದಾಗ ತಣಿದು ಕುಗ್ಗಿ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಈ ಉಸಿರಾಟಕ್ಕೆಂದೇ ಹಿಂಬದಿಯಲ್ಲಿ ಸಣ್ಣ ಗಾಳಿಕಿಂಡಿ ಅಥವಾ ಬಗ್ಗಿದ ರಬ್ಬರು ಕೊಳವೆಗಳನ್ನು ಇಟ್ಟಿರುತ್ತಾರೆ. ಒಳಗಿನ ತೇವ ಹೊರಬೀಳುವುದೂ ಇದೇ ದಾರಿಯಲ್ಲಿ. ಅದನ್ನು ಮುಚ್ಚಿದರೆ, ಸರಿಯಾಗಿ ಒಣಗದ ಕಾಳನ್ನು ಗಾಳಿಯಾಡದ ಡ್ರಮ್ಮಿನಲ್ಲಿ ತುಂಬಿದಂತೆ. ತೇವ ಒಳಗೇ ಉಳಿಯುತ್ತದೆ. ಕುಗ್ಗುವ ಗಾಳಿಯು ಬಲ್ಬಿನ ಸಂದಿನಿಂದಲೋ ಗಾಜಿನ ಅಂಚಿನಿಂದಲೋ ನೀರನ್ನೇ ಎಳೆದುಕೊಳ್ಳುತ್ತದೆ. ನನ್ನ ಕಾರಿನಲ್ಲಿ ಆದದ್ದು ಇದೇ.

ಎಲ್‌ಇಡಿ ದೀಪಗಳ ಮಾತು ಸ್ವಲ್ಪ ಬೇರೆ. ಅವುಗಳ ಶಾಖವು ಹಿಂಬದಿಯಿಂದ ಹೊರಹೋಗುವುದರಿಂದ ಮುಂದಿನ ಗಾಜು ಬೇಗ ಬೆಚ್ಚಗಾಗುವುದಿಲ್ಲ. ಆದ್ದರಿಂದ ಹೊಸ ವಾಹನದಲ್ಲಿ ಮಬ್ಬು ಹೆಚ್ಚು ಹೊತ್ತು ನಿಂತರೆ ಗಾಬರಿಪಡಬೇಕಿಲ್ಲ.

ಇಬ್ಬನಿಯೋ, ಸೋರಿಕೆಯೋ?

ಮೊದಲು ಇದನ್ನು ಗುರುತಿಸಿಕೊಳ್ಳಬೇಕು. ಎರಡೂ ದೀಪಗಳಲ್ಲಿ ತೆಳುವಾದ ಮಬ್ಬು ಇದ್ದು, ದೀಪ ಹಚ್ಚಿ ಅರ್ಧ ಗಂಟೆ ಓಡಿಸಿದಾಗ ಅಥವಾ ಬಿಸಿಲೇರಿದಾಗ ಮಾಯವಾದರೆ ಅದು ಹವೆಯ ಪ್ರಭಾವ. ಅದಕ್ಕೆ ರಿಪೇರಿ ಬೇಡ. ಒಂದೇ ದೀಪದಲ್ಲಿ ಕಾಣಿಸಿದರೆ, ದಪ್ಪ ಹನಿಗಳು ಕೆಳಗಿಳಿಯುತ್ತಿದ್ದರೆ, ತಳದಲ್ಲಿ ನೀರು ನಿಂತಿದ್ದರೆ, ಇಲ್ಲವೇ ಬಿಸಿಲಿನಲ್ಲಿ ಇಡೀ ದಿನ ನಿಂತರೂ ಆರದಿದ್ದರೆ ಅದು ಸೋರಿಕೆ. ಅದನ್ನು ಬಿಟ್ಟರೆ ಒಳಗಿನ ಕನ್ನಡಿ ಲೇಪ ಕಪ್ಪಾಗಿ ಸುಲಿಯುತ್ತದೆ, ವಯರಿನ ತುದಿಗಳು ಕಿಲುಬು ಹಿಡಿಯುತ್ತವೆ, ಬಿಸಿ ಬಲ್ಬಿಗೆ ಹನಿ ಬಿದ್ದು ಒಡೆಯಲೂಬಹುದು.

ಪರಿಹಾರ ಕ್ರಮಗಳು

1. ವಾಹನ ವಾರಂಟಿಯಲ್ಲಿದ್ದರೆ ದೀಪ ಬಿಚ್ಚದೆ ಮಾರಾಟಗಾರರಿಗೆ ತೋರಿಸಿ.

2. ದೀಪ ಆರಿಸಿ, ಬಲ್ಬು ಪೂರ್ತಿ ತಣಿದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಡಿಸಿ. ಬಲ್ಬಿನ ಹಿಂದಿನ ರಬ್ಬರು ಮುಚ್ಚಳ ಹರಿದಿದೆಯೇ, ಸರಿಯಾಗಿ ಕೂತಿದೆಯೇ ನೋಡಿ. ಬಲ್ಬು ಬದಲಿಸಿದಾಗ ಇದನ್ನು ಓರೆಯಾಗಿ ಹಾಕುವುದು ಸಾಮಾನ್ಯ ತಪ್ಪು. ಗಡಸಾದ ರಬ್ಬರನ್ನು ಬದಲಿಸಿ. ಇಡೀ ದೀಪ ಬದಲಿಸುವುದಕ್ಕಿಂತ ಇದು ಬಹಳ ಅಗ್ಗ.

3. ಗಾಳಿಕಿಂಡಿಗಳನ್ನು ಹುಡುಕಿ ಶುಚಿ ಮಾಡಿ. ಟ್ರ್ಯಾಕ್ಟರುಗಳಲ್ಲಿ ಕೆಸರು, ಜೇಡರ ಬಲೆ, ಕಡಜದ ಮಣ್ಣುಗೂಡು ಇವುಗಳನ್ನು ಕಟ್ಟಿಬಿಡುತ್ತವೆ.

4. ಒಣಹವೆಯ ದಿನ ಬಿಸಿಲಿನಲ್ಲಿ ಹಿಂದಿನ ಮುಚ್ಚಳ ತೆಗೆದು ಕೆಲವು ಗಂಟೆ ಬಿಡಿ. ಕಿಂಡಿಯ ಮೇಲೆ ತೆಳು ಬಟ್ಟೆ ಕಟ್ಟಿದರೆ ಧೂಳು, ಹುಳು ಸೇರುವುದಿಲ್ಲ. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬಾರದು. ಬೆರಳಿನ ಜಿಡ್ಡು ತಗುಲಿದ ಕಡೆ ಅದು ಬೇಗ ಕೆಡುತ್ತದೆ.

5. ಇಷ್ಟಾದರೂ ನೀರು ಬಂದರೆ ದೀಪವನ್ನು ಬಿಚ್ಚಿಸಿ, ಒಣಗಿಸಿ, ಗಾಜಿನ ಅಂಚಿನ ಸುತ್ತ ನಿಧಾನವಾಗಿ ನೀರು ಹನಿಸಿ ನೋಡಿ. ಒಳಗೆ ಹನಿ ಕಂಡ ಜಾಗವೇ ಸೋರಿಕೆ. ಅಷ್ಟನ್ನು ಮಾತ್ರ ಸೂಕ್ತ ಅಂಟಿನಿಂದ ಮುಚ್ಚಿಸಬೇಕು. ಗಾಜು ಸೀಳಿದ್ದರೆ ಅಥವಾ ಕನ್ನಡಿ ಲೇಪ ಸುಲಿದಿದ್ದರೆ ದೀಪ ಬದಲಿಸುವುದೇ ಲೇಸು.

ಮಾಡಬಾರದ ಕೆಲಸಗಳು

ಗಾಳಿಕಿಂಡಿಗೆ ಅಂಟು ಬಳಿಯಬೇಡಿ. ನೀರು ಇಳಿಯಲೆಂದು ದೀಪದ ತಳಕ್ಕೆ ತೂತು ಕೊರೆಯಬೇಡಿ. ಇಳಿಯುವುದಕ್ಕಿಂತ ಹೆಚ್ಚು ನೀರು, ಧೂಳು ಅದರಿಂದಲೇ ಹತ್ತುತ್ತದೆ. ಒಳಗಿನ ಕನ್ನಡಿ ಲೇಪವನ್ನು ಬಟ್ಟೆಯಿಂದ ಉಜ್ಜಬೇಡಿ. ದೂರ ಓಡಿಬಂದ ಗಾಡಿಯ ಬಿಸಿ ದೀಪಕ್ಕೆ ಪಂಪಿನಿಂದ ತಣ್ಣೀರು ಹೊಡೆಯಬೇಡಿ. ಸಿಲಿಕಾ ಜೆಲ್ ಪೊಟ್ಟಣ ಇಡುವ ಪದ್ಧತಿಯೂ ಉಂಟು. ಅದು ತುಂಬಿದ ಮೇಲೆ ಕೆಲಸ ಮಾಡದು, ಬಿಸಿ ಬಲ್ಬಿಗೆ ತಗುಲಿದರೆ ಅಪಾಯ. ಸೋರಿಕೆಗೆ ಅದು ಮದ್ದಲ್ಲ.

ಮಂಜಿನ ದಿನಗಳಲ್ಲಿ

ನವೆಂಬರಿನಿಂದ ಫೆಬ್ರವರಿಯವರೆಗೆ ಬೆಳಗಿನ ಜಾವ ಹೊರಡುವವರು ಹಿಂದಿನ ಸಂಜೆಯೇ ದೀಪ ಹಚ್ಚಿ, ಹತ್ತು ಮಾರು ದೂರದ ಗೋಡೆಗೆ ಬೆಳಕು ಬಿಟ್ಟು ನೋಡುವುದು ಒಳಿತು. ಬೆಳಕಿನ ಅಂಚು ಸ್ಪಷ್ಟವಾಗಿರಬೇಕು. ಮಂಜಿನಲ್ಲಿ ಡಿಮ್ ದೀಪವನ್ನೇ ಬಳಸಿ. ಬ್ರೈಟ್ ಹಾಕಿದರೆ ಬೆಳಕು ಮಂಜಿಗೆ ತಾಗಿ ನಮ್ಮ ಕಣ್ಣಿಗೇ ಮರಳುತ್ತದೆ. ಟ್ರೇಲರು, ಎತ್ತಿನಗಾಡಿ ಇರುವವರು ಹಿಂಬದಿಗೆ ಹೊಳೆಯುವ ಕೆಂಪು ಪಟ್ಟಿ ಅಂಟಿಸುವುದು ಅವಶ್ಯಕ. ಕಾಣುವುದು ಎಷ್ಟು ಮುಖ್ಯವೋ ಕಾಣಿಸಿಕೊಳ್ಳುವುದೂ ಅಷ್ಟೇ ಮುಖ್ಯ.

ನೀರಿನ ದಾರಿ ಮುಚ್ಚಿ, ಗಾಳಿಯ ದಾರಿ ತೆರೆದಿಡಿ. ಕಾಳಿನ ಕಣಜಕ್ಕೂ ಬದುವಿನ ಬಸಿಗಾಲುವೆಗೂ ಗಮನ ಕೊಡುವ ನಾವು ಈ ವಾರ ಹತ್ತು ನಿಮಿಷ ಗಾಡಿಯ ಮುಂದೆ ಕೂತು ಅದರ ದೀಪವನ್ನೂ ನೋಡೋಣ. ಅಂದು ಹಗ್ಗ ಬಿಗಿಯುತ್ತಿದ್ದ ಆ ಹುಡುಗ ತಲೆಯೆತ್ತಿ ನನ್ನನ್ನು ನೋಡಿದ ನೋಟ ನನಗೆ ಇನ್ನೂ ಮರೆತಿಲ್ಲ.