ಜೋಳದ ಎಲೆಯಲ್ಲಿ ಇಷ್ಟೆಲ್ಲ ಅಡಗಿತ್ತೇ!

ಬಸವಕಲ್ಯಾಣದ ಹೊಲವಾಗಲಿ, ಹುಮನಾಬಾದಿನ ಹೊಲವಾಗಲಿ, ಬೆಳೆದು ನಿಂತ ಒಂದು ಜೋಳದ ದಂಟನ್ನು ಹಿಡಿದು ನೋಡಿ. ತೆನೆ ಇರಲಿ, ರೊಟ್ಟಿಯ ಮಾತು ಆಮೇಲೆ. ಎಲೆಯ ಬುಡ ದಂಟನ್ನು ಸುತ್ತಿಕೊಂಡಿರುವಲ್ಲಿ ಕಣ್ಣಿಡಿ. ಹುಳು ಕಡಿದಲ್ಲಿ, ಬೂಷ್ಟು ತಗುಲಿದಲ್ಲಿ ಕೆಂಪು, ನೇರಳೆ ಬಣ್ಣದ ಚುಕ್ಕೆಗಳು, ಪಟ್ಟೆಗಳು. ಬೆಳೆಗೆ ರೋಗ ಬಂತೆಂದು ನಾವು ಮುಖ ತಿರುಗಿಸುತ್ತೇವೆ. ಆದರೆ ಆ ಬಣ್ಣ ಗಿಡದ ಪ್ರತಿದಾಳಿ! ಒಳಗೆ ನುಗ್ಗಿದ ಶಿಲೀಂಧ್ರವನ್ನು ತಡೆಯಲು ಜೋಳ ಅಲ್ಲೇ, ಆಗಲೇ ತಯಾರಿಸಿಕೊಂಡ ಮದ್ದು ಅದು. ಅಪಿಜೆನಿನಿಡಿನ್, ಲ್ಯೂಟಿಯೋಲಿನಿಡಿನ್ ಎಂದು ವಿಜ್ಞಾನಿಗಳು ಈ ಬಣ್ಣದ ವಸ್ತುಗಳಿಗೆ ಹೆಸರಿಟ್ಟಿದ್ದಾರೆ. ಘಾನಾ ದೇಶದಲ್ಲಿ ಇದೇ ಬಣ್ಣ ತುಂಬಿರುವ ಕೆಂಪು ಜೋಳದ ಎಲೆಗಳನ್ನು ಅಕ್ಕಿ, ಅಲಸಂದೆಯ ಜೊತೆ ಕುದಿಸಿ ‘ವಾಚೆ’ ಎಂಬ ಅಡುಗೆ ಮಾಡುತ್ತಾರೆ. ಅನ್ನಕ್ಕೆ ಅನ್ನವೇ ಕೆಂಪೇರುತ್ತದೆ.

ಇನ್ನು ನೈಜೀರಿಯಾಕ್ಕೆ ಬನ್ನಿ. ಅಲ್ಲಿ ಯೊರುಬಾ ಜನರ ನಡುವೆ ರೆವರೆಂಡ್ ಒಗುನ್ಯಾಲೆ ಎಂಬ ನಾಟಿವೈದ್ಯರ ಬಳಿ ಒಂದು ಔಷಧಿಯ ಪಾಕವಿತ್ತು. ಕುಡುಗೋಲು ಕಣ (ಸಿಕಲ್ ಸೆಲ್) ಕಾಯಿಲೆಯ ನೋವಿಗೆ ಅದನ್ನು ಕೊಡುತ್ತಿದ್ದರು. ಆ ನೋವು ಸಾಮಾನ್ಯದ್ದಲ್ಲ. ಹಿಮೋಗ್ಲೋಬಿನ್‌ನ ಒಂದು ಸರಪಳಿಯಲ್ಲಿ ಆರನೆಯ ಕೊಂಡಿ ಬದಲಾಗಿರುತ್ತದೆ; ಗ್ಲುಟಾಮಿಕ್ ಆಮ್ಲ ಇರಬೇಕಾದಲ್ಲಿ ವ್ಯಾಲಿನ್ ಬಂದು ಕೂತಿರುತ್ತದೆ. ಅಷ್ಟೇ! ಆ ಒಂದೇ ಕೊಂಡಿಯಿಂದಾಗಿ, ಆಮ್ಲಜನಕ ಕಡಿಮೆಯಾದಾಗ ದುಂಡನೆಯ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ಬಿರುಸಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ರಕ್ತ ಹರಿಯದ ಕಡೆ ಮೂಳೆ, ಕೀಲು, ಎದೆ ಹಿಂಡಿ ಹಿಪ್ಪೆಯಾಗುತ್ತವೆ. ಎಳೆಯ ಮಕ್ಕಳೂ ಇದನ್ನು ಅನುಭವಿಸುತ್ತಾರೆ.

ಈಗ ಕತೆಯೊಳಗೆ ಬರುವವರು ಪ್ರೊಫೆಸರ್ ಚಾರ್ಲ್ಸ್ ವಾಂಬೆಬೆ. ಔಷಧಶಾಸ್ತ್ರಜ್ಞ, ಅಬುಜಾದಲ್ಲಿರುವ ನೈಜೀರಿಯಾದ ರಾಷ್ಟ್ರೀಯ ಔಷಧ ಸಂಶೋಧನಾ ಸಂಸ್ಥೆಯ ಆಗಿನ ಮುಖ್ಯಸ್ಥರು. ನಾಟಿ ಮದ್ದೆಂದು ಅವರು ಮೂಗು ಮುರಿಯಲಿಲ್ಲ. ಹಿರಿಯರದ್ದೆಂದು ಕಣ್ಣುಮುಚ್ಚಿ ಕೈಮುಗಿಯಲೂ ಇಲ್ಲ. ವೈದ್ಯರೊಂದಿಗೆ ಸಂಸ್ಥೆ ಒಪ್ಪಂದ ಮಾಡಿಕೊಂಡಿತು. ಪಾಕದಲ್ಲಿದ್ದ ಗಿಡಗಳು ನಾಲ್ಕು. ಒಂದು, ನಮ್ಮ ಕರಿಮೆಣಸಿನ ಆಫ್ರಿಕದ ಸೋದರ. ಎರಡು, ನಮ್ಮ ಹೊನ್ನೆ, ರಕ್ತಚಂದನಗಳ ಕುಲದ ಒಂದು ಮರ. ಮೂರು, ಲವಂಗ. ನಾಲ್ಕನೆಯದು? ಜೋಳದ ಎಲೆ!

ಮೊದಲ ಸಲ ಈ ಪಟ್ಟಿ ಓದಿದಾಗ ನನ್ನ ಮೈ ಜುಮ್ಮೆಂದಿತು. ಸಾರ್ಗಮ್ ಬೈಕಲರ್. ನಮ್ಮ ಜೋಳಕ್ಕೂ ಅದೇ ಹೆಸರು!

ವಾಂಬೆಬೆ ತಂಡ ಇದರಿಂದ ‘ನಿಪ್ರಿಸಾನ್’ ಎಂಬ ಔಷಧಿ ತಯಾರಿಸಿ, 82 ರೋಗಿಗಳ ಮೇಲೆ ಪರೀಕ್ಷೆ ನಡೆಸಿತು. ಯಾರಿಗೆ ಔಷಧಿ, ಯಾರಿಗೆ ಬರೀ ಹುಸಿಮಾತ್ರೆ ಎಂಬುದು ಕೊಟ್ಟವರಿಗೂ ಗೊತ್ತಿಲ್ಲ, ತೆಗೆದುಕೊಂಡವರಿಗೂ ಗೊತ್ತಿಲ್ಲ. ಫಲಿತಾಂಶ 2001ರಲ್ಲಿ ಪ್ರಕಟವಾಯಿತು: ತೀವ್ರ ನೋವು ಮರುಕಳಿಸುವುದು ಗಣನೀಯವಾಗಿ ಕಡಿಮೆಯಾಗಿತ್ತು. ಅಮೆರಿಕದ ಝೆಕೆಮ್ ಕಂಪನಿ ಪರವಾನಗಿ ಪಡೆದು, 2006ರಲ್ಲಿ ‘ನಿಕೋಸಾನ್’ ಹೆಸರಿನಲ್ಲಿ ನೈಜೀರಿಯಾದ ಮಾರುಕಟ್ಟೆಗೆ ತಂದಿತು. ಯೊರುಬಾ ಮನೆಯ ಮದ್ದಿಗೆ ಕಾರ್ಖಾನೆ, ಪೆಟ್ಟಿಗೆ, ಸರಕಾರದ ಮುದ್ರೆ! ಆದರೆ 2008ರಲ್ಲಿ ಆ ಕಂಪನಿ ದಿವಾಳಿಯಾಯಿತು, ತಯಾರಿಕೆ ನಿಂತಿತು. ಹಣದ ಲೆಕ್ಕ ತಪ್ಪಿತೇ ಹೊರತು ಗಿಡ ಸೋತದ್ದಲ್ಲ. ಪ್ರಯೋಗಗಳನ್ನು ಮರುಪರಿಶೀಲಿಸಿದ ಕಾಕ್ರೇನ್ ಎಂಬ ವೈದ್ಯಕೀಯ ಪರಿಶೀಲನಾ ಸಂಸ್ಥೆಯ ತಜ್ಞರು ಭರವಸೆಯಿದೆ, ಇನ್ನೂ ದೊಡ್ಡ ಪರೀಕ್ಷೆಗಳು ಬೇಕು ಎಂದರು. ವಾಂಬೆಬೆ ಮುಂದೆ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಇಡೀ ಆಫ್ರಿಕದ ಪಾರಂಪರಿಕ ವೈದ್ಯಕ್ಕೆ ಸಲಹೆಗಾರರಾದರು.

ನಮ್ಮ ನೆಲದ ನಂಟು ಇನ್ನೂ ಹಳೆಯದು. ಜೋಳ ಮೊದಲು ಬೇಸಾಯಕ್ಕೆ ಬಂದದ್ದು ಈಗಿನ ಸುಡಾನಿನ ಪೂರ್ವಭಾಗದಲ್ಲಿ, ಸುಮಾರು 5000 ವರ್ಷಗಳ ಹಿಂದೆ. ಅಲ್ಲಿಂದ ಕಡಲು ದಾಟಿ ಭಾರತಕ್ಕೆ ಬಂದು ಸುಮಾರು 4000 ವರ್ಷ. ನಮ್ಮವ್ವ ಬಡಿದ ರೊಟ್ಟಿಯ ತವರುಮನೆ ಆಫ್ರಿಕ!

ಆ ಕಾಳು ಬಂದು ನೆಲೆನಿಂತ ಕಲ್ಯಾಣ, ಅಂದರೆ ಈಗಿನ ಬಸವಕಲ್ಯಾಣ, ಎಂಥ ಊರು! ಚಾಲುಕ್ಯರ ರಾಜಧಾನಿ. ಆರನೆಯ ವಿಕ್ರಮಾದಿತ್ಯನ ಸೋದರ ಕೀರ್ತಿವರ್ಮ ಅರಸುಮಗನಾಗಿ ಹುಟ್ಟಿ, ದನಕರುಗಳ ರೋಗಕ್ಕೆ ಮದ್ದು ಹೇಳುವ ‘ಗೋವೈದ್ಯ’ವನ್ನು ಕನ್ನಡದಲ್ಲಿ ಬರೆದ. ಮುಂದೆ ಶರಣರ ಕಾಲಕ್ಕೆ ಇಲ್ಲೇ ವೈದ್ಯ ಸಂಗಣ್ಣ. ಮದ್ದು ಕೊಡುವುದೇ ಅವನ ಕಾಯಕ. ರೋಗ, ನಾಡಿ, ಔಷಧಗಳ ಮಾತಿನಲ್ಲೇ ವಚನ ಕಟ್ಟಿದವನು. ದೋಣಿ ನಡೆಸುವ ಚೌಡಯ್ಯ, ಬಟ್ಟೆ ಒಗೆಯುವ ಮಾಚಯ್ಯ ಇವರ ಅನುಭವಕ್ಕೆ ಇಲ್ಲಿ ಪಂಡಿತರ ಸಾಲಿನಲ್ಲೇ ಜಾಗವಿತ್ತು. ನಾಟಿವೈದ್ಯರ ಎದುರು ಕೂತು ಕಲಿತ ವಾಂಬೆಬೆ ನಡೆದದ್ದೂ ಇದೇ ದಾರಿಯಲ್ಲಿ. ಕೈಕಸುಬಿನವನ ಅರಿವನ್ನು ಗೌರವಿಸಬೇಕು, ಗೌರವಿಸಿದ ಮೇಲೆ ಒರೆಗೆ ಹಚ್ಚಬೇಕು.

ಒಂದು ಎಚ್ಚರಿಕೆ. ಇದನ್ನೋದಿ ಯಾರೂ ಜೋಳದ ಎಲೆ ಕುದಿಸಿ ಕುಡಿಯಬಾರದು. ಮಳೆಯಿಲ್ಲದೆ ಬಾಡಿದ ಎಳೆಯ ಜೋಳ ಮೇಯ್ದು ದನ ಸತ್ತದ್ದನ್ನು ರೈತರು ಕಂಡಿದ್ದಾರೆ. ಅದರಲ್ಲಿರುವ ಧುರಿನ್ ಎಂಬ ವಸ್ತು ಹೊಟ್ಟೆಯಲ್ಲಿ ಸಯನೈಡ್ ಬಿಡುತ್ತದೆ. ಒಂದೇ ಎಲೆಯಲ್ಲಿ ವಿಷವೂ ಇದೆ, ಮದ್ದೂ ಇದೆ. ಅದಕ್ಕೇ ವಿಜ್ಞಾನ ಬೇಕು. ಕುಡುಗೋಲು ಕಣ ಕಾಯಿಲೆಗೆ ಇಂದು ವೈದ್ಯರು ಕೊಡುತ್ತಿರುವ ಹೈಡ್ರಾಕ್ಸಿಯೂರಿಯಾವನ್ನು ಬಿಡುವ ಮಾತೇ ಇಲ್ಲ.

ಈ ಕಾಯಿಲೆ ದೂರದ್ದೇನೂ ಅಲ್ಲ. 1952ರಲ್ಲೇ ನೀಲಗಿರಿಯ ಬುಡಕಟ್ಟುಗಳಲ್ಲಿ ಇದು ಪತ್ತೆಯಾಗಿತ್ತು. 2047ರೊಳಗೆ ದೇಶದಿಂದ ತೊಲಗಿಸುವ ಅಭಿಯಾನ 2023ರ ಜುಲೈ 1ರಂದು ಶುರುವಾಗಿದೆ. ಈ ಕೆಲಸಕ್ಕೆ ಬೀದರ್ ಜಿಲ್ಲೆಯಲ್ಲಿ ಏನಿಲ್ಲ? ಜೋಳದ ಹೊಲಗಳಿವೆ. ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಔಷಧಿಗೆ ಬೇಕಾದ ರಾಸಾಯನಿಕ ತಯಾರಿಸುವ ಘಟಕಗಳಿವೆ. ಬೀದರಿನಲ್ಲಿ ವೈದ್ಯಕೀಯ ಕಾಲೇಜಿದೆ, ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಬಸವಕಲ್ಯಾಣದಲ್ಲಿ ಇವತ್ತು ಪಿಯುಸಿ ವಿಜ್ಞಾನ ಓದುತ್ತಿರುವ ಹುಡುಗಿಯೇ, ಔಷಧಿ ಕಂಡುಹಿಡಿಯುವುದು ದೂರದ ಶ್ರೀಮಂತ ದೇಶಗಳವರ ಕೆಲಸವೆಂದು ಯಾರಾದರೂ ಹೇಳಿದರೆ ನಂಬಬೇಡ. ನೈಜೀರಿಯಾದವರು ತಮ್ಮ ಹೊಲದ ಬೆಳೆಯಿಂದಲೇ ಅದನ್ನು ಮಾಡಿ ತೋರಿಸಿದ್ದಾರೆ. ಅವರು ನಿಲ್ಲಿಸಿದಲ್ಲಿಂದ ಮುಂದಿನ ಪರೀಕ್ಷೆ ನೀನು ಶುರುಮಾಡಬಹುದು.